ಖಾತೆ ಯಾರ ಹೆಸರಿನಲ್ಲಿದೆ?

1969ರ ಕ್ರಿಸ್‌ಮಸ್‌ಗೆ ಮುಂಚೆ ಡಲ್ಲಾಸಿನ ನೀಮನ್ ಮಾರ್ಕಸ್ ಅಂಗಡಿ ತನ್ನ ಕ್ಯಾಟಲಾಗಿನಲ್ಲಿ ಒಂದು ಹೊಸ ಸರಕಿನ ಚಿತ್ರ ಹಾಕಿತು. ಅದು ಹನಿವೆಲ್ ಕಂಪನಿಯ ‘ಕಿಚನ್ ಕಂಪ್ಯೂಟರ್’. ಬೆಲೆ 10,600 ಡಾಲರ್. ಆ ದುಡ್ಡಿಗೆ ಅಂದು ಮೂರು ಹೊಸ ಕಾರು ಬರುತ್ತಿದ್ದವು. ನೂರು ಪೌಂಡಿಗೂ ಹೆಚ್ಚು ತೂಕ, ಮುಂದೆ ತರಕಾರಿ ಹೆಚ್ಚಲು ಒಂದು ಹಲಗೆ, ಒಳಗೆ ಅಡುಗೆಯ ವಿಧಾನಗಳನ್ನು ನೆನಪಿಡುವ ಯಂತ್ರ. ಆದರೆ ಅದಕ್ಕೆ ಪರದೆ ಇರಲಿಲ್ಲ, ಅಕ್ಷರದ ಕೀಲಿಮಣೆಯೂ ಇರಲಿಲ್ಲ. ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ ಸೊನ್ನೆ ಒಂದರ ಭಾಷೆಯಲ್ಲಿ ಕೇಳಬೇಕು, ಮಿನುಗುವ ದೀಪಗಳಲ್ಲಿ ಉತ್ತರ ಓದಿಕೊಳ್ಳಬೇಕು. ಇದನ್ನು ಕಲಿಯಲು ಎರಡು ವಾರದ ತರಬೇತಿ ಬೆಲೆಯಲ್ಲೇ ಸೇರಿತ್ತು. ಒಂದಾದರೂ ಮಾರಾಟವಾದ ದಾಖಲೆ ಇಲ್ಲ.

ಈ ಜಾಹೀರಾತನ್ನು ನೋಡಿ ಎಲ್ಲರೂ ನಗುತ್ತಾರೆ. ನಾನು ಲೆಕ್ಕಪತ್ರದವಳು, ನನ್ನ ಗಮನ ಬೇರೆ ಕಡೆ ಹೋಯಿತು. ಚಿತ್ರದಲ್ಲಿ ಯಂತ್ರದ ಪಕ್ಕ ನಿಂತಿರುವವಳು ಗೃಹಿಣಿ, ಆದರೆ ಜಾಹೀರಾತು ಮಾತಾಡುತ್ತಿರುವುದು ಅವಳೊಡನೆ ಅಲ್ಲ, ಅವಳ ಅಡುಗೆಯ ಬಗ್ಗೆ ಹಾಸ್ಯ ಮಾಡುತ್ತ ಬೇರೆ ಯಾರೊಡನೆಯೋ. ದುಡ್ಡು ಕೊಡುವವರು ಒಬ್ಬರು, ಬಳಸಬೇಕಾದವರು ಇನ್ನೊಬ್ಬರು. ಮನೆಯೊಳಗಿನ ಯಂತ್ರದ ಚರಿತ್ರೆಯುದ್ದಕ್ಕೂ ಈ ಅಂತರ ಮತ್ತೆ ಮತ್ತೆ ಕಾಣುತ್ತದೆ.

ಅದೇ 1969ರ ಡಿಸೆಂಬರ್ 2ರಂದು ಅಮೆರಿಕದ ಪೇಟೆಂಟ್ ಕಚೇರಿ ಇನ್ನೊಂದು ಯಂತ್ರಕ್ಕೆ ಪೇಟೆಂಟ್ ಕೊಟ್ಟಿತು. ಅದನ್ನು ರೂಪಿಸಿದವರು ನ್ಯೂಯಾರ್ಕಿನ ಕ್ವೀನ್ಸ್‌ನ ನರ್ಸ್ ಮೇರಿ ವಾನ್ ಬ್ರಿಟನ್ ಬ್ರೌನ್ ಮತ್ತು ಅವರ ಗಂಡ ಆಲ್ಬರ್ಟ್. ಗಂಡಹೆಂಡಿರ ಕೆಲಸದ ಹೊತ್ತು ಬೇರೆ ಬೇರೆ, ರಾತ್ರಿ ಆಕೆ ಎಷ್ಟೋ ಸಲ ಒಂಟಿ, ಕರೆದರೆ ಪೊಲೀಸರು ಬೇಗ ಬರುವ ಬಡಾವಣೆಯಲ್ಲ. ಬಾಗಿಲಲ್ಲಿ ಎತ್ತರ ಬೇರೆ ಬೇರೆಯ ನಾಲ್ಕು ಕಿಂಡಿ, ಅವುಗಳ ಮುಂದೆ ಏರಿ ಇಳಿಯುವ ಕ್ಯಾಮೆರಾ, ಮಲಗುವ ಕೋಣೆಯಲ್ಲಿ ಅದರ ಪರದೆ, ಬಂದವರೊಡನೆ ಮಾತಾಡಲು ಮೈಕು, ಹಾಸಿಗೆಯಿಂದಲೇ ಬಾಗಿಲು ತೆರೆಯುವ ಗುಂಡಿ. ಇಂದು ನಮ್ಮ ಪ್ಲೇನೋ, ಫ್ರಿಸ್ಕೋ, ಶುಗರ್‌ಲ್ಯಾಂಡ್, ಸೀಡರ್ ಪಾರ್ಕ್‌ಗಳ ಬಾಗಿಲಿಗೆ ಅಂಟಿಕೊಂಡಿರುವ ವಿಡಿಯೋ ಗಂಟೆಯ ಅಜ್ಜಿ ಇದು. ಕ್ಯಾಮೆರಾದ ಮುಖ ಹೊರಗಿತ್ತು. ಗುಂಡಿ, ಹೆದರಿದವಳ ಕೈಯಲ್ಲೇ ಇತ್ತು.

ಹೊರಗೆ ನೋಡುತ್ತಿದ್ದ ಆ ಕಣ್ಣು ಒಳಗೆ ತಿರುಗಿದ್ದು ಯಾವಾಗ? ಗುಂಡಿ ಯಾರ ಕೈಗೆ ಹೋಯಿತು? ಹತ್ತು ವರ್ಷಕ್ಕೂ ಹೆಚ್ಚು ಕಾಲ ಟೆಕ್ಸಾಸಿನಲ್ಲಿ, ಮೊದಲು ಹ್ಯೂಸ್ಟನ್, ಆಮೇಲೆ ಆಸ್ಟಿನ್, ಈಗ ಡಲ್ಲಾಸಿನ ಸೆರಗಿನಲ್ಲಿ ಬದುಕಿರುವ ನನಗೆ ಈ ಪ್ರಶ್ನೆ ಬರೀ ಕುತೂಹಲದ್ದಲ್ಲ. ತೆರಿಗೆ ಕಟ್ಟುವ ತಿಂಗಳುಗಳಲ್ಲಿ ನಮ್ಮವರ ಮನೆಗಳ ಕಾಗದಪತ್ರ ನನ್ನ ಮೇಜಿನ ಮೇಲೆ ಹಾದುಹೋಗುತ್ತವೆ. ಗಂಡನಿಂದ ಬೇರೆಯಾಗುತ್ತಿರುವ ಹೆಣ್ಣುಮಕ್ಕಳೂ ಬರುತ್ತಾರೆ. ಅವರು ಹೇಳುವ ಮಾತಿನಲ್ಲಿ ಹೊಡೆತದ ಸುದ್ದಿ ಇಲ್ಲದಿರಬಹುದು, ಬೀಗ, ದೀಪ, ಕ್ಯಾಮೆರಾಗಳ ಸುದ್ದಿ ಮಾತ್ರ ಇದ್ದೇ ಇರುತ್ತದೆ.

ಡಲ್ಲಾಸಿಗೆ ಈ ಚರಿತ್ರೆಯಲ್ಲಿ ದೊಡ್ಡ ಪಾಲಿದೆ. 1958ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ ಜ್ಯಾಕ್ ಕಿಲ್ಬಿ ಮೊದಲ ಇಂಟಿಗ್ರೇಟೆಡ್ ಸರ್ಕ್ಯೂಟ್ ಮಾಡಿ ತೋರಿಸಿದ್ದು ಇಲ್ಲೇ. ಅದೇ ಕಂಪನಿ 1985ರಲ್ಲಿ ಬೆಂಗಳೂರಿನಲ್ಲಿ ತನ್ನ ವಿನ್ಯಾಸ ಕೇಂದ್ರ ತೆರೆಯಿತು, ಬೆಂಗಳೂರು ಮತ್ತು ಡಲ್ಲಾಸ್ ಉಪಗ್ರಹದ ಮೂಲಕ ಮಾತಾಡತೊಡಗಿದವು. ಕನ್ನಡದ ಹುಡುಗರು ಇಷ್ಟೊಂದು ಸಂಖ್ಯೆಯಲ್ಲಿ ಈ ಊರಿಗೆ ಬಂದುದರ ಹಿಂದೆ ಆ ಮಾತುಕತೆಯೂ ಇದೆ. ಪಕ್ಕದ ಫೋರ್ಟ್‌ವರ್ತ್‌ನ ರೇಡಿಯೋ ಶ್ಯಾಕ್ ಅಂಗಡಿಗಳು, 1975ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಎಕ್ಸ್-10 ಎಂಬ ವ್ಯವಸ್ಥೆಯನ್ನು ಮಾರಿದವು. ಗೋಡೆಯೊಳಗಿನ ವಿದ್ಯುತ್ ತಂತಿಯ ಮೂಲಕವೇ ಸಂದೇಶ ಕಳಿಸಿ ಕೂತಲ್ಲಿಂದ ದೀಪ ಆರಿಸುವ ವ್ಯವಸ್ಥೆ ಅದು. ಇಷ್ಟು ಕಾಲ ಯಂತ್ರ ಮನೆಯ ಒಳಗಿತ್ತು, ಅದನ್ನು ನಡೆಸುವವರೂ ಮನೆಯ ಒಳಗಿದ್ದರು.

2011ರಲ್ಲಿ ನೆಸ್ಟ್ ಕಂಪನಿಯ ಥರ್ಮೋಸ್ಟ್ಯಾಟ್, 2014ರಲ್ಲಿ ಅಮೆಜಾನ್‌ನ ಎಕೋ, ಅದೇ ಹೊತ್ತಿಗೆ ರಿಂಗ್ ಬಾಗಿಲ ಗಂಟೆ ಬಂದವು. ಇವು ತಂದ ದೊಡ್ಡ ಬದಲಾವಣೆ ಜಾಣತನವಲ್ಲ, ಖಾತೆ. ಗೋಡೆಯ ಸ್ವಿಚ್ಚಿಗೆ ಒಡೆಯ ಇಲ್ಲ, ಕೋಣೆಯಲ್ಲಿ ಯಾರಿದ್ದಾರೋ ಅವರು ಒತ್ತಬಹುದು. ಆ್ಯಪಿಗೆ ಒಡೆಯ ಇದ್ದಾನೆ. ಅವನ ಈಮೇಲ್, ಅವನ ಪಾಸ್‌ವರ್ಡ್, ಅವನ ಕ್ರೆಡಿಟ್ ಕಾರ್ಡ್. ಉಳಿದವರು ಅವನು ಸೇರಿಸಿದರೆ ಸದಸ್ಯರು, ತೆಗೆದರೆ ಯಾರೂ ಅಲ್ಲ. ಒಡೆಯ ಆಸ್ಟಿನ್‌ನ ಆಫೀಸಿನಲ್ಲಿದ್ದರೂ, ಬೆಂಗಳೂರಿನ ಹೋಟೆಲಿನಲ್ಲಿದ್ದರೂ ಮನೆಯ ಬೀಗ, ಬಿಸಿಲು, ಚಳಿ ಎಲ್ಲ ಅವನ ಬೆರಳ ತುದಿಯಲ್ಲಿ.

ಯಂತ್ರ ಬರುವುದಕ್ಕೆ ಮುಂಚೆ ನಮ್ಮ ಮನೆಗಳಲ್ಲಿ ಕಣ್ಗಾವಲು ಇರಲಿಲ್ಲ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಅತ್ತೆಯ ಸೊಂಟದ ಕೀಲಿಗೊಂಚಲು ಉಗ್ರಾಣದ ಅಕ್ಕಿಯನ್ನೂ ಸೊಸೆಯ ಹಸಿವನ್ನೂ ಒಟ್ಟಿಗೆ ಕಾಯುತ್ತಿತ್ತು. ತವರಿನಿಂದ ಬಂದ ಪತ್ರ ಮನೆಯವರೆಲ್ಲ ಓದಿದ ಮೇಲೆ ಸೊಸೆಯ ಕೈ ಸೇರುತ್ತಿತ್ತು. ಟೆಲಿಫೋನಿನ ತಿರುಗಣೆಗೆ ಒಂದು ಪುಟ್ಟ ಬೀಗ ಹಾಕುವ ಪದ್ಧತಿಯನ್ನು ನನ್ನ ವಯಸ್ಸಿನವರೆಲ್ಲ ದಾವಣಗೆರೆಯಲ್ಲಿ, ಮೈಸೂರಿನಲ್ಲಿ ಕಂಡಿದ್ದೇವೆ. ಗೋಡೆಗೂ ಕಿವಿಯುಂಟು ಎಂದು ನಮ್ಮ ಅಜ್ಜಿ ಪಿಸುಗುಡುತ್ತಿದ್ದಳು. ಸಂಶಯದ ಕಣ್ಣು ಒಬ್ಬ ಹೆಣ್ಣಿನ ಮನಸ್ಸನ್ನು ಹೇಗೆ ಮುರಿಯುತ್ತದೆ ಎಂಬುದನ್ನು ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲರು 1971ರಲ್ಲಿ ತೆಗೆದ ‘ಶರಪಂಜರ’ ಇಡೀ ಕರ್ನಾಟಕಕ್ಕೆ ತೋರಿಸಿತು.

ಆದರೆ ಹಳೆಯ ಕಣ್ಣಿಗೆ ಮಿತಿಯಿತ್ತು. ಅತ್ತೆಗೆ ನಿದ್ದೆ ಬರುತ್ತಿತ್ತು, ಜಾತ್ರೆಗೆ ಹೋಗುತ್ತಿದ್ದಳು. ಹಿತ್ತಲಿನ ಬಾವಿಕಟ್ಟೆ ಇತ್ತು, ಅಲ್ಲಿ ನೆರೆಯ ಹೆಂಗಸಿನೊಡನೆ ಎರಡು ಮಾತು ಆಡಬಹುದಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ನೋಡುತ್ತಿರುವವರು ಯಾರು ಎಂಬುದು ನೋಡಿಸಿಕೊಳ್ಳುವವಳಿಗೆ ಗೊತ್ತಿತ್ತು. ಈ ಮೂರೂ ಇಲ್ಲದ ಕಣ್ಣು ನಮ್ಮ ಕಾಲದ್ದು.

ಇಂಗ್ಲಿಷಿನಲ್ಲಿ ‘ಗ್ಯಾಸ್‌ಲೈಟಿಂಗ್’ ಎಂಬ ಮಾತು ಈಗ ಎಲ್ಲರ ಬಾಯಲ್ಲಿದೆ. ಪ್ಯಾಟ್ರಿಕ್ ಹ್ಯಾಮಿಲ್ಟನ್ 1938ರಲ್ಲಿ ಬರೆದ ನಾಟಕದ ಹೆಸರಿನಿಂದ ಬಂದದ್ದು ಅದು. ಗಂಡ ಮಹಡಿಯಲ್ಲಿ ಕದ್ದು ದೀಪ ಹಚ್ಚಿದಾಗ ಕೆಳಗಿನ ಕೋಣೆಯ ಗ್ಯಾಸ್ ದೀಪ ಮಂಕಾಗುತ್ತದೆ. ಹೆಂಡತಿಗೆ ‘ನಿನಗೆ ಭ್ರಮೆ’ ಎಂದು ಹೇಳುತ್ತಿರುತ್ತಾನೆ. 2018ರ ಜೂನ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ನೆಲ್ಲೀ ಬೌಲ್ಸ್ ಬರೆದ ವರದಿ ಓದಿದಾಗ ಆ ನಾಟಕ ಎಂಬತ್ತು ವರ್ಷದ ಮೇಲೆ ನಿಜವಾದಂತೆ ಕಂಡಿತು. ಯಾರೂ ಮುಟ್ಟದೆ ಏಸಿ ಆರುವುದು, ಬಾಗಿಲಿನ ಸಂಕೇತ ಸಂಖ್ಯೆ ದಿನಾ ಬದಲಾಗುವುದು, ಯಾರೂ ಇಲ್ಲದ ಬಾಗಿಲಲ್ಲಿ ಗಂಟೆ ಬಾರಿಸುವುದು. ಮನೆಬಿಟ್ಟು ಹೋದ ಗಂಡಂದಿರ ಫೋನಿನಲ್ಲಿ ಮನೆಯ ಖಾತೆ ಇನ್ನೂ ಉಳಿದಿತ್ತು.

ಕಾನೂನು ಈ ವಿಷಯದಲ್ಲಿ ಎಲ್ಲಿ ನಿಂತಿತ್ತು ಎಂದು ಹುಡುಕಿದರೆ, ಯಂತ್ರ ಹೊಸದಾದರೂ ಜಗಳ ಹಳೆಯದು ಎಂದು ತಿಳಿಯುತ್ತದೆ. 1973ರಲ್ಲಿ ಆಸ್ಟಿನ್‌ನಲ್ಲಿ ಕೂರುವ ಟೆಕ್ಸಾಸ್ ಸುಪ್ರೀಂ ಕೋರ್ಟ್ ‘ಬಿಲ್ಲಿಂಗ್ಸ್ ವಿರುದ್ಧ ಆಟ್ಕಿನ್ಸನ್’ ಪ್ರಕರಣದಲ್ಲಿ ಖಾಸಗಿತನ ಎಂಬುದೊಂದು ಹಕ್ಕು, ಅದಕ್ಕೆ ಭಂಗ ತಂದವರು ಪರಿಹಾರ ಕೊಡಬೇಕು ಎಂದು ಈ ರಾಜ್ಯದಲ್ಲಿ ಮೊದಲ ಬಾರಿಗೆ ಒಪ್ಪಿತು. ಟೆಲಿಫೋನ್ ಕಂಪನಿಯ ನೌಕರನೊಬ್ಬ ಒಂದು ಮನೆಯ ಫೋನಿಗೆ ಕದ್ದಾಲಿಸುವ ಸಾಧನ ಅಂಟಿಸಿದ್ದ ಪ್ರಕರಣ ಅದು. ಕದ್ದು ಕೇಳಿದವನು ಹೊರಗಿನವನು.

ಮರುವರ್ಷವೇ, 1974ರಲ್ಲಿ, ಟೆಕ್ಸಾಸ್ ಸೇರಿದಂತೆ ದಕ್ಷಿಣದ ಆರು ರಾಜ್ಯಗಳ ಮೇಲಿದ್ದ ಐದನೇ ಫೆಡರಲ್ ಮೇಲ್ಮನವಿ ನ್ಯಾಯಾಲಯದ ಮುಂದೆ ಒಳಗಿನವನ ಪ್ರಕರಣ ಬಂತು. ಗಂಡ ತನ್ನ ಮನೆಯ ಫೋನಿಗೇ ಸಾಧನ ಕಟ್ಟಿ ಹೆಂಡತಿಯ ಮಾತು ಮುದ್ರಿಸಿದ್ದ, ಅದನ್ನು ನೆಂಟರಿಗೆ, ನೆರೆಯವರಿಗೆ ಕೇಳಿಸಿದ್ದ. ಕದ್ದಾಲಿಕೆಯನ್ನು ಅಪರಾಧ ಮಾಡಿದ 1968ರ ಫೆಡರಲ್ ಕಾನೂನು ಗಂಡಹೆಂಡಿರ ಮನೆಯೊಳಗೆ ಬರುವುದನ್ನು ಸಂಸತ್ತು ಬಯಸಿರಲಿಲ್ಲ ಎಂದು ‘ಸಿಂಪ್ಸನ್ ವಿರುದ್ಧ ಸಿಂಪ್ಸನ್’ ತೀರ್ಪು ಹೇಳಿತು. ಒಂದೇ ಬಗೆಯ ತಂತಿ, ಒಂದೇ ಬಗೆಯ ಟೇಪು. ಮಾಡಿದವನು ಹೊರಗಿನವನಾದರೆ ತಪ್ಪು, ಗಂಡನಾದರೆ ಮನೆಯ ಮಾತು.

ಆ ಗೋಡೆ ನಿಧಾನವಾಗಿ ಸವೆಯಿತು. 1995ರಲ್ಲಿ ಹ್ಯೂಸ್ಟನ್ನಿನ ಮೇಲ್ಮನವಿ ನ್ಯಾಯಾಲಯ, ದಂಪತಿಗಳ ಜಗಳದಲ್ಲಿ ಕದ್ದು ಮುದ್ರಿಸಿದ ಫೋನ್ ಟೇಪುಗಳನ್ನು ಸಾಕ್ಷ್ಯವಾಗಿ ತರುವಂತಿಲ್ಲ ಎಂದಿತು. 2001ರಲ್ಲಿ ಟೆಕ್ಸಾರ್ಕಾನಾದ ನ್ಯಾಯಾಲಯದ ಮುಂದೆ ಬಂದ ಪ್ರಕರಣದಲ್ಲಿ ಕ್ಯಾಮೆರಾ ಇಡಿಸಿದವಳು ಹೆಂಡತಿ. ಗಂಡನ ಮಲಗುವ ಕೋಣೆಯಲ್ಲಿ ಖಾಸಗಿ ಪತ್ತೇದಾರನ ನೆರವಿನಿಂದ ಇಡಿಸಿದ್ದಳು. ಮದುವೆಯಾದವರು ಸಂಗಾತಿಯೊಡನೆ ಕೋಣೆ ಹಂಚಿಕೊಳ್ಳುತ್ತಾರೆ, ಅಷ್ಟರಿಂದಲೇ ತಮ್ಮ ಖಾಸಗಿತನವನ್ನೆಲ್ಲ ಬಿಟ್ಟುಕೊಟ್ಟಂತೆ ಆಗುವುದಿಲ್ಲ ಎಂದು ಆ ನ್ಯಾಯಾಲಯ ಹೇಳಿತು. ಕದ್ದು ನೋಡುವ ಚಪಲ ಗಂಡಿಗೆ ಮಾತ್ರ ಮೀಸಲು ಎಂದು ಯಾರೂ ತಿಳಿಯಬೇಕಾಗಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 2016ರಲ್ಲಿ ಡಲ್ಲಾಸಿನ ಮೇಲ್ಮನವಿ ನ್ಯಾಯಾಲಯ ಕೊಟ್ಟ ಒಂದು ತೀರ್ಪು. ಹೆಂಡತಿಯ ಮೊಬೈಲಿನಲ್ಲಿದ್ದ ಸಂದೇಶಗಳ ಫೋಟೋ ತೆಗೆದುಕೊಂಡ ಗಂಡ, ಟೆಕ್ಸಾಸಿನಲ್ಲಿ ಮದುವೆಯ ನಂತರ ಗಳಿಸಿದ ಆಸ್ತಿ ಇಬ್ಬರದ್ದೂ ಆದ್ದರಿಂದ ಫೋನೂ ತನ್ನದೇ ಎಂದು ವಾದಿಸಿದ. ಸ್ಪೇನಿನವರ ಆಳ್ವಿಕೆಯಿಂದ ಇಲ್ಲಿಗೆ ಇಳಿದುಬಂದ ಈ ‘ಸಮುದಾಯ ಆಸ್ತಿ’ಯ ನಿಯಮದ ಜೊತೆ ನಾವು ಲೆಕ್ಕಿಗರು ವರ್ಷವಿಡೀ ಗುದ್ದಾಡುತ್ತೇವೆ. ನ್ಯಾಯಾಲಯ ಆ ವಾದವನ್ನು ಒಪ್ಪಲಿಲ್ಲ. ಮೊಬೈಲ್ ಕೂಡ ಕಾನೂನಿನ ಅರ್ಥದಲ್ಲಿ ಕಂಪ್ಯೂಟರೇ, ದಿನನಿತ್ಯ ಬಳಸುವವಳು ಅವಳು, ಅವಳ ಒಪ್ಪಿಗೆ ಬೇಕು ಎಂದಿತು. ಆಸ್ತಿಯಲ್ಲಿ ಅರ್ಧ ಪಾಲಿದ್ದರೂ ಅವಳ ಮಾತಿನಲ್ಲಿ ಪಾಲಿಲ್ಲ ಎಂದು ನಾನು ಅದನ್ನು ಅರ್ಥಮಾಡಿಕೊಂಡೆ.

ಈಗ ಹ್ಯೂಸ್ಟನ್ನಿಗೆ ಬರುತ್ತೇನೆ. 2001ರ ಡಿಸೆಂಬರ್‌ನಲ್ಲಿ ಅಲ್ಲಿನ ಎನ್ರಾನ್ ದಿವಾಳಿಯಾಯಿತು. ಅದರ ಲೆಕ್ಕ ನೋಡಿದ ಆರ್ಥರ್ ಆಂಡರ್ಸನ್ ಕೂಡ ಮುಳುಗಿತು. 2002ರ ಜುಲೈನಲ್ಲಿ ಬಂದ ಸಾರ್ಬೇನ್ಸ್ ಆಕ್ಸ್‌ಲೀ ಕಾನೂನು ನಮ್ಮ ವೃತ್ತಿಯನ್ನೇ ಬದಲಿಸಿತು. ಅಂದಿನಿಂದ ಪ್ರತಿ ದೊಡ್ಡ ಕಂಪನಿಯಲ್ಲೂ ನಾವು ಕೆಲವು ಪ್ರಶ್ನೆಗಳನ್ನು ತಪ್ಪದೆ ಕೇಳುತ್ತೇವೆ. ಈ ವ್ಯವಸ್ಥೆಗೆ ಪ್ರವೇಶ ಯಾರಿಗಿದೆ? ಕೆಲಸ ಬಿಟ್ಟವರ ಹೆಸರು ಇನ್ನೂ ಉಳಿದಿದೆಯೇ? ಒಬ್ಬನೇ ಬರೆದು ಒಬ್ಬನೇ ಅಂಗೀಕರಿಸುತ್ತಿದ್ದಾನೆಯೇ? ಯಾರು ಯಾವಾಗ ಒಳಹೊಕ್ಕರು ಎಂಬ ದಾಖಲೆಯನ್ನು ಬೇರೆ ಯಾರಾದರೂ ನೋಡುತ್ತಾರೆಯೇ? ಇದಕ್ಕೆ ನಾವು ಆಂತರಿಕ ನಿಯಂತ್ರಣ ಎನ್ನುತ್ತೇವೆ. ಒಬ್ಬನ ಕೈಯಲ್ಲಿ ಎಲ್ಲ ಕೀಲಿಯೂ ಇರಬಾರದು ಎಂಬುದು ಅದರ ಸಾರ. ಅವನು ಒಳ್ಳೆಯವನೋ ಕೆಟ್ಟವನೋ ಎಂಬ ಪ್ರಶ್ನೆಯೇ ಅಲ್ಲಿ ಬರುವುದಿಲ್ಲ. ಅದೇ ಹ್ಯೂಸ್ಟನ್ನಿನ ಯಾವ ಮನೆಯಲ್ಲೂ ಈ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ.

ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಡಲ್ಲಾಸಿನಲ್ಲಿ ಒಂದು ನಿದರ್ಶನವಿದೆ. ಎಡಿಟಿ ಭದ್ರತಾ ಕಂಪನಿಯ ತಂತ್ರಜ್ಞನೊಬ್ಬ, ಕ್ಯಾಮೆರಾ ಜೋಡಿಸಲು ಹೋದ ಮನೆಗಳ ಖಾತೆಗೆ ತನ್ನ ಈಮೇಲ್ ವಿಳಾಸವನ್ನೂ ಸೇರಿಸಿಕೊಳ್ಳುತ್ತಿದ್ದ. ನಾಲ್ಕೂವರೆ ವರ್ಷದಲ್ಲಿ ಸುಮಾರು 200 ಗ್ರಾಹಕರ ಮನೆಯೊಳಗೆ 9,600ಕ್ಕೂ ಹೆಚ್ಚು ಸಲ ಕದ್ದು ನೋಡಿದ. ಒಬ್ಬ ಗ್ರಾಹಕರು ತಮ್ಮ ಖಾತೆಯಲ್ಲಿ ಅಪರಿಚಿತ ವಿಳಾಸ ಕಂಡು ದೂರಿದಾಗ ಎಲ್ಲ ಹೊರಬಿತ್ತು. 2021ರಲ್ಲಿ ಅವನಿಗೆ 52 ತಿಂಗಳ ಜೈಲಾಯಿತು. ಎರಡು ವರ್ಷದ ಮೇಲೆ ರಿಂಗ್ ಕಂಪನಿಯೂ ತನ್ನ ನೌಕರರು ಗ್ರಾಹಕರ ಖಾಸಗಿ ವಿಡಿಯೋ ನೋಡಲು ಬಿಟ್ಟಿತ್ತೆಂಬ ಆರೋಪದಲ್ಲಿ ಫೆಡರಲ್ ವ್ಯಾಪಾರ ಆಯೋಗಕ್ಕೆ 58 ಲಕ್ಷ ಡಾಲರ್ ಕೊಡಲು ಒಪ್ಪಿತು.

ಡಲ್ಲಾಸಿನ ಆ ತಂತ್ರಜ್ಞ ಸಿಕ್ಕಿಬಿದ್ದದ್ದು ಅವನ ವಿಳಾಸ ಅಪರಿಚಿತವಾಗಿದ್ದರಿಂದ. ಆ ಪಟ್ಟಿಯಲ್ಲಿ ಗಂಡನ ವಿಳಾಸವಿದ್ದರೆ ಯಾರಿಗೂ ಅನುಮಾನ ಬರುವುದಿಲ್ಲ. ಅವನ ವಿಳಾಸ ಇರಬೇಕಾದದ್ದೇ ಅಲ್ಲಿ, ಮೊದಲ ಸಾಲಿನಲ್ಲಿ.

2021ರ ಬೇಸಿಗೆಯಲ್ಲಿ ಹ್ಯೂಸ್ಟನ್ನಿನ ಕೆಲವು ಮನೆಗಳ ಕಥೆ ಟಿವಿಯಲ್ಲಿ ಬಂತು. ಮಧ್ಯಾಹ್ನ ನಿದ್ದೆಯಿಂದ ಎದ್ದವರಿಗೆ ಮೈಯೆಲ್ಲ ಬೆವರು. ವಿದ್ಯುತ್ ಉಳಿಸುವ ಯೋಜನೆಯೊಂದಕ್ಕೆ ಅವರ ಥರ್ಮೋಸ್ಟ್ಯಾಟ್ ಸೇರಿತ್ತು, ಕೊರತೆಯ ದಿನ ದೂರದಿಂದಲೇ ಅದರ ಉಷ್ಣತೆ ಏರಿಸಲಾಗಿತ್ತು. ಬಹುಮಾನದ ಆಸೆಗೆ ಒತ್ತಿದ ಒಪ್ಪಿಗೆಯ ಗುಂಡಿ ಯಾರಿಗೂ ನೆನಪಿರಲಿಲ್ಲ. ಇಡೀ ಊರು ಸಿಟ್ಟಾಯಿತು: ನನ್ನ ಮನೆಯ ಸೆಕೆಯನ್ನು ಬೇರೆಯವರು ತೀರ್ಮಾನಿಸುವುದೆಂದರೇನು? ಆ ಸಿಟ್ಟು ನ್ಯಾಯವಾದದ್ದು. ಬೇಸಿಗೆಯಲ್ಲಿ ನೂರು ಡಿಗ್ರಿ ಫ್ಯಾರನ್‌ಹೀಟ್ ದಾಟುವ ಈ ಊರುಗಳಲ್ಲಿ ಏಸಿಯ ಗುಂಡಿ ಯಾರ ಕೈಯಲ್ಲಿದೆ ಎಂಬುದು ಸಣ್ಣ ಮಾತಲ್ಲ. ವಿದ್ಯುತ್ ಕಂಪನಿ ಒಂದು ಮಧ್ಯಾಹ್ನ ಮಾಡಿದ್ದನ್ನು ಗಂಡನೋ ಹೆಂಡತಿಯೋ ವರ್ಷವಿಡೀ ಮಾಡಿದರೆ ಅದು ಟಿವಿಗೆ ಬರುವುದಿಲ್ಲ.

ನಮ್ಮವರ ಮನೆಗಳಲ್ಲಿ ಖಾತೆ ಒಬ್ಬನ ಹೆಸರಿಗೆ ಹೋಗಲು ಬೇರೊಂದು ಕಾರಣವೂ ಇದೆ. ಅದು ವೀಸಾ. ಬಿಕಾಂ, ಸಿಎ ಮುಗಿಸಿ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ ನಾನು ಮದುವೆಯಾಗಿ ಎಚ್-4 ವೀಸಾದಲ್ಲಿ ಇಲ್ಲಿಗೆ ಬಂದೆ. ಆ ವೀಸಾದವರಿಗೆ ಕೆಲಸ ಮಾಡುವಂತಿರಲಿಲ್ಲ, ಆದ್ದರಿಂದ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯೂ ಸಿಗುತ್ತಿರಲಿಲ್ಲ. ತೆರಿಗೆ ಪತ್ರಕ್ಕೆ ಮಾತ್ರ ಸಾಲುವ ಬೇರೊಂದು ಸಂಖ್ಯೆ ಕೊಡುತ್ತಿದ್ದರು. ಮನೆ ಬಾಡಿಗೆ, ವಿದ್ಯುತ್, ನೀರು, ಇಂಟರ್‌ನೆಟ್, ಕ್ರೆಡಿಟ್ ಕಾರ್ಡ್, ಎಲ್ಲವೂ ಸಂಖ್ಯೆ ಇರುವವನ ಹೆಸರಿಗೆ. ಇದರಲ್ಲಿ ಯಾರ ಸಂಚೂ ಇರಲಿಲ್ಲ, ಅರ್ಜಿಯ ಖಾನೆಗಳೇ ಹಾಗಿದ್ದವು. 2015ರ ಮೇ 26ರಿಂದ ಗ್ರೀನ್ ಕಾರ್ಡಿನ ಹಾದಿಯಲ್ಲಿರುವವರ ಸಂಗಾತಿಗಳಿಗೆ ಕೆಲಸದ ಪರವಾನಗಿ ಸಿಗತೊಡಗಿತು, ನಾನೂ ಮತ್ತೆ ಲೆಕ್ಕದ ಪುಸ್ತಕ ಹಿಡಿದೆ. ಆದರೆ ಕೆಲಸ ಸಿಕ್ಕರೂ ಹಳೆಯ ಖಾತೆಗಳು ಇದ್ದ ಹೆಸರಿನಲ್ಲೇ ಇರುತ್ತವೆ. ಆಮೇಲೆ ಕೊಂಡ ಪ್ರತಿ ಕ್ಯಾಮೆರಾ, ಬೀಗ, ದೀಪ ಅದೇ ಖಾತೆಗೆ ಜೋತುಬೀಳುತ್ತದೆ. ಒಳ್ಳೆಯ ಸಂಸಾರದಲ್ಲಿ ಇದರಿಂದ ಏನೂ ಆಗುವುದಿಲ್ಲ. ಕೆಟ್ಟ ಸಂಸಾರದಲ್ಲಿ, ಏನು ಆಗುತ್ತಿದೆ ಎಂದು ತಿಳಿಯುವಷ್ಟರಲ್ಲಿ ಅವಳ ಕೈಯಲ್ಲಿ ಒಂದು ಪಾಸ್‌ವರ್ಡೂ ಇರುವುದಿಲ್ಲ.

ಒಬ್ಬ ಹೆಣ್ಣುಮಗಳು ನನ್ನ ಹತ್ತಿರ ತೆರಿಗೆಯ ವಿಷಯಕ್ಕೆ ಬಂದಿದ್ದಳು. ಗುರುತು ಸಿಗುವಂಥದ್ದೇನನ್ನೂ ಇಲ್ಲಿ ಬರೆಯುವುದಿಲ್ಲ. ಮೊಮ್ಮಗುವನ್ನು ನೋಡಲೆಂದು ಅಡುಗೆಮನೆಯಲ್ಲಿ ಇಟ್ಟ ಕ್ಯಾಮೆರಾವನ್ನು ಊರಿನಲ್ಲಿರುವ ಅತ್ತೆಮಾವ ತೆರೆದು ನೋಡುತ್ತಿದ್ದರು. ಮಗು ಸ್ಕೂಲಿಗೆ ಹೋದ ಮೇಲೂ ಕ್ಯಾಮೆರಾ ಅಲ್ಲೇ ಇತ್ತು. ‘ಅಕ್ಕ, ನಾನು ತಿಂಡಿ ತಿಂದ ಹೊತ್ತು ಅಲ್ಲಿಂದ ಫೋನ್ ಮಾಡಿ ಹೇಳ್ತಾರೆ’ ಎಂದಳು. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ನಮ್ಮ ಗಾದೆ ಅವಳ ಪಾಲಿಗೆ ತಲೆಕೆಳಗಾಗಿತ್ತು. ಅವಳು ಅಳಲಿಲ್ಲ. ಗಂಡಹೆಂಡಿರು ಒಟ್ಟಿಗೆ ಸಲ್ಲಿಸುವ ತೆರಿಗೆ ಪತ್ರಕ್ಕೆ ಸಹಿ ಹಾಕಿದರೆ ಇಬ್ಬರಿಗೂ ಪೂರ್ತಿ ಹೊಣೆ ಬರುತ್ತದಲ್ಲವೇ, ಅದರ ಪ್ರತಿ ತನಗೆ ಹೇಗೆ ಸಿಗುತ್ತದೆ ಎಂದು ಕೇಳಿದಳು. ಪ್ರತಿ ಪಡೆಯುವ ದಾರಿ ಹೇಳಿಕೊಟ್ಟೆ. ಅದು ಅವಳ ಹೆಸರಿನಲ್ಲಿ ತೆರೆದ ಮೊದಲ ಕಡತ.

ಇಂಥವರಿಗಾಗಿ ಈ ದೇಶದಲ್ಲಿ ನಮ್ಮವರೇ ಕಟ್ಟಿದ ಮನೆಗಳ ಚರಿತ್ರೆಯೂ ಇದೆ, ಅದನ್ನು ನಮ್ಮ ಕನ್ನಡ ಸಂಘಗಳ ಸ್ಮರಣ ಸಂಚಿಕೆಗಳು ಬರೆಯುವುದು ಕಡಿಮೆ. 1985ರಲ್ಲಿ ನ್ಯೂಜೆರ್ಸಿಯಲ್ಲಿ ‘ಮಾನವಿ’, 1992ರಲ್ಲಿ ಆಸ್ಟಿನ್‌ನಲ್ಲಿ ‘ಸಹೇಲಿ’, 1996ರಲ್ಲಿ ಹ್ಯೂಸ್ಟನ್ನಿನಲ್ಲಿ ‘ದಯಾ’ ಹುಟ್ಟಿದವು, ಡಲ್ಲಾಸಿನಲ್ಲಿ ‘ಚೇತನಾ’ ಇದೆ. ನಮ್ಮ ಭಾಷೆ ತಿಳಿದವರು, ಅತ್ತೆ, ನಾದಿನಿ, ವೀಸಾ ಎಂದರೆ ಏನೆಂದು ವಿವರಿಸಬೇಕಾಗಿಲ್ಲದವರು ಅಲ್ಲಿದ್ದಾರೆ. 1994ರ ಫೆಡರಲ್ ಕಾನೂನಿನ ಫಲವಾಗಿ 1996ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಸಹಾಯವಾಣಿ ಶುರುವಾದದ್ದು ಆಸ್ಟಿನ್‌ನಲ್ಲೇ. 2005ರಲ್ಲಿ ಆ ಕಾನೂನನ್ನು ನವೀಕರಿಸಿದಾಗ ಎಚ್-4ರಲ್ಲಿದ್ದು ಹಿಂಸೆಗೆ ಒಳಗಾದವರಿಗೆ ಸ್ವಂತ ಕೆಲಸದ ಪರವಾನಗಿ ಕೊಡಬೇಕೆಂದು ಬರೆದರು, ಅರ್ಜಿ ನಮೂನೆ ಕೈಗೆ ಬರಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. 2022ರ ಡಿಸೆಂಬರ್‌ನಲ್ಲಿ ಬಂದ ಸೇಫ್ ಕನೆಕ್ಷನ್ಸ್ ಕಾನೂನು, ಹಿಂಸೆಯಿಂದ ಪಾರಾದವರು ಕೇಳಿದ ಎರಡು ಕೆಲಸದ ದಿನಗಳೊಳಗೆ ಅವರ ಮೊಬೈಲ್ ಸಂಖ್ಯೆಯನ್ನು ಕುಟುಂಬದ ಖಾತೆಯಿಂದ ಬೇರ್ಪಡಿಸಿ ಕೊಡಬೇಕೆಂದಿತು. ಖಾತೆ ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆಯನ್ನು ಕಾನೂನು ಹೀಗೆ ನೇರವಾಗಿ ಕೈಗೆತ್ತಿಕೊಂಡಿತು. ಮೊಬೈಲಿಗೆ ಸಿಕ್ಕ ಈ ಬಿಡುಗಡೆ ಮನೆಯ ಬೀಗಕ್ಕೆ, ಕ್ಯಾಮೆರಾಕ್ಕೆ ಆ ಕಾನೂನಿನಲ್ಲಿ ಸಿಗಲಿಲ್ಲ.

ತಾಯ್ನಾಡಿನ ಕಡೆ ನೋಡಿದರೆ, ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಕೊಟ್ಟ ತೀರ್ಪಿಗೆ ಕನ್ನಡಿಗರೊಬ್ಬರ ಹೆಸರಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬತ್ತು ದಾಟಿದ ವಯಸ್ಸಿನಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕಿದ್ದರು, 2024ರಲ್ಲಿ 98ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರು ಎದುರಿಸಿದ್ದು ಸರ್ಕಾರದ ಕಣ್ಣನ್ನು. ಸಂಸಾರದೊಳಗೆ ಆ ಹಕ್ಕು ಹೇಗೆ ನಡೆಯುತ್ತದೆ ಎಂಬುದು ಅಷ್ಟು ಸುಲಭವಲ್ಲ. 2023ರಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ, ಮದುವೆಯಾದ ಮಾತ್ರಕ್ಕೆ ಸಂಗಾತಿಯ ಆಧಾರ್ ವಿವರ ಪಡೆಯುವ ಹಕ್ಕು ಬರುವುದಿಲ್ಲ, ಆ ವ್ಯಕ್ತಿಯ ಮಾತನ್ನೂ ಕೇಳಬೇಕು ಎಂದಿತು. ತತ್ತ್ವ ಸರಿ. ಆದರೆ ಅರ್ಜಿ ಹಾಕಿದ ಹೆಂಡತಿ, ಜೀವನಾಂಶ ಕೊಡದ ಗಂಡನ ವಿಳಾಸ ಹುಡುಕುತ್ತಿದ್ದವಳು. ಖಾಸಗಿತನ ಬಲಹೀನರ ಗುರಾಣಿಯಾಗುವಂತೆ ಹೊಣೆ ತಪ್ಪಿಸಿಕೊಳ್ಳುವವರ ಗುರಾಣಿಯೂ ಆಗಬಲ್ಲದು. 2025ರ ಜುಲೈನಲ್ಲಿ ಭಾರತದ ಸುಪ್ರೀಂ ಕೋರ್ಟ್, ಗಂಡಹೆಂಡಿರು ಗುಟ್ಟಾಗಿ ಮುದ್ರಿಸಿದ ತಮ್ಮ ಸಂಭಾಷಣೆಯನ್ನು ವಿಚ್ಛೇದನದ ಪ್ರಕರಣದಲ್ಲಿ ಸಾಕ್ಷ್ಯವಾಗಿ ಒಪ್ಪಬಹುದು ಎಂದಿತು. ಮನೆಯೊಳಗಿನ ಹಿಂಸೆಗೆ ಬೇರೆ ಸಾಕ್ಷಿ ಸಿಗದವಳಿಗೆ ಇದು ವರ. ಸಂಗಾತಿಯ ಪ್ರತಿ ಮಾತಿಗೂ ಮುದ್ರಣ ಯಂತ್ರ ಒಡ್ಡುವವನಿಗೂ ಇದೇ ವರ.

ಇನ್ನು ಕಂಪನಿಗಳನ್ನು ಕಟ್ಟಿಹಾಕುವ ಕಾನೂನುಗಳು. ಟೆಕ್ಸಾಸಿನ ಅಟಾರ್ನಿ ಜನರಲ್ ಮುಖಚಹರೆ ಕದ್ದ ಆರೋಪದ ಮೇಲೆ ಮೆಟಾ ಕಂಪನಿಯಿಂದ 2024ರಲ್ಲಿ 140 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಂದ ಮಾಡಿಕೊಂಡರು. ಅದೇ ಜುಲೈನಲ್ಲಿ ರಾಜ್ಯದ ದತ್ತಾಂಶ ರಕ್ಷಣೆಯ ಕಾನೂನು ಜಾರಿಗೆ ಬಂತು. ಭಾರತ 2023ರಲ್ಲಿ ತನ್ನ ಕಾನೂನು ಮಾಡಿತು. ಎರಡರಲ್ಲೂ ಒಂದು ವಿನಾಯಿತಿ ಇದೆ: ಒಬ್ಬ ವ್ಯಕ್ತಿ ತನ್ನ ಸ್ವಂತದ, ಮನೆಯ ಬಳಕೆಗೆ ಸಂಗ್ರಹಿಸುವ ಮಾಹಿತಿಗೆ ಈ ಕಾನೂನು ತಾಗುವುದಿಲ್ಲ. ಮಕ್ಕಳ ಫೋಟೋ ತೆಗೆದ ಅಪ್ಪನಿಗೆ ಸರ್ಕಾರ ನೋಟಿಸು ಕೊಡಬಾರದು ಎಂಬುದು ಅದರ ಉದ್ದೇಶ, ಅದು ಒಪ್ಪತಕ್ಕದ್ದೇ. ಆದರೆ ಅದರ ಪರಿಣಾಮವಾಗಿ ಕಾನೂನು 1974ರಲ್ಲಿ ನಿಂತ ಹೊಸ್ತಿಲಿನ ಹತ್ತಿರವೇ ಮತ್ತೆ ಬಂದು ನಿಲ್ಲುತ್ತದೆ. ಕಂಪನಿಯ ಎದುರು ಇಡೀ ಮನೆ ಒಬ್ಬನೇ ಗ್ರಾಹಕ, ಒಪ್ಪಿಗೆಯ ಗುಂಡಿ ಒತ್ತಿದವನು ಎಲ್ಲರ ಪರವಾಗಿ ಒತ್ತಿದಂತೆ.

ಕ್ಯಾಮೆರಾ ಎಲ್ಲವೂ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅಪ್ಪ ಹೋದ ಮೇಲೆ ದಾವಣಗೆರೆಯ ಮನೆಯಲ್ಲಿ ಅಮ್ಮ ಒಬ್ಬರೇ. ನಾನು, ತಮ್ಮ ಸೇರಿ ನಡುಮನೆಗೆ ಒಂದು ಕ್ಯಾಮೆರಾ ಹಾಕೋಣ ಎಂದಾಗ ಅಮ್ಮ ಒಂದು ಷರತ್ತು ಹಾಕಿದರು. ‘ಅದರ ಮೇಲೊಂದು ವಸ್ತ್ರ ಇಡ್ತೀನಿ. ನನಗೆ ಬೇಕಾದಾಗ ತೆಗಿತೀನಿ, ಬೇಡಾದಾಗ ಮುಚ್ತೀನಿ. ಬೆಳಿಗ್ಗೆ ಎಂಟಕ್ಕೆ ತೆಗೆದಿಲ್ಲ ಅಂದ್ರೆ ಪಕ್ಕದ ಮನೆಗೆ ಫೋನ್ ಮಾಡ್ರಿ.’ ಆಪ್ತರು ನೋಡಿಕೊಳ್ಳುವುದಕ್ಕೂ ನೋಡುತ್ತ ಕೂರುವುದಕ್ಕೂ ಇರುವ ವ್ಯತ್ಯಾಸ ಅಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೇರಿ ಬ್ರೌನ್ ಅವರ ಯಂತ್ರದಲ್ಲಿ ಗುಂಡಿ ಇದ್ದ ಕಡೆಯೇ ಅಮ್ಮನ ವಸ್ತ್ರವೂ ಇತ್ತು, ನೋಡಿಸಿಕೊಳ್ಳುವವಳ ಕೈಯಲ್ಲಿ.

ನಮ್ಮ ಮನೆಯಲ್ಲಿ ಏಪ್ರಿಲ್ 15ಕ್ಕೆ ತೆರಿಗೆ ಪತ್ರ ಸಲ್ಲಿಸಿದ ವಾರ, ನಾನು ಮತ್ತು ನನ್ನವರು ಕೂತು ಇನ್ನೊಂದು ಪಟ್ಟಿ ಮಾಡುತ್ತೇವೆ. ಬೀಗ, ಕ್ಯಾಮೆರಾ, ಥರ್ಮೋಸ್ಟ್ಯಾಟ್, ವೈಫೈ, ಕಾರು, ಫೋನು. ಪ್ರತಿಯೊಂದರ ಮುಂದೆ ಮೂರು ಖಾನೆ: ಒಡೆಯ ಯಾರು, ಒಳಗೆ ಯಾರ್‍ಯಾರಿದ್ದಾರೆ, ಇಬ್ಬರಿಗೂ ಸಮಾನ ಅಧಿಕಾರವಿದೆಯೇ. ಹಳೆಯ ಬಾಡಿಗೆದಾರ, ಕ್ಯಾಮೆರಾ ಹಾಕಿಕೊಟ್ಟ ಹುಡುಗ, ಎರಡು ವರ್ಷದ ಹಿಂದೆ ಬಂದು ಹೋದ ನೆಂಟ, ಎಲ್ಲರ ಹೆಸರೂ ಸಿಗುತ್ತವೆ. ತೆಗೆಯುತ್ತೇವೆ. ಅರ್ಧ ಗಂಟೆಯ ಕೆಲಸ. ನಮ್ಮ ಮಗಳು ಈಗ ಆ ಪಟ್ಟಿಗೆ ತನ್ನ ಕೋಣೆಯ ಸಾಲು ತಾನೇ ಬರೆಯುತ್ತಾಳೆ.

ಹೆದರಿಕೆಯಿರುವ ಮನೆಯಲ್ಲಿ ಮಾತ್ರ ಹೀಗೆ ಮಾಡಬಾರದು. ಕ್ಯಾಮೆರಾ ಥಟ್ಟನೆ ಕಿತ್ತರೆ, ಪಾಸ್‌ವರ್ಡ್ ಬದಲಿಸಿದರೆ, ಆಚೆ ಕಡೆಯವನಿಗೆ ಆ ಕ್ಷಣವೇ ತಿಳಿಯುತ್ತದೆ, ಅಪಾಯ ಹೆಚ್ಚಬಹುದು. ಮೊದಲು ಅವನ ಖಾತೆಗೆ ಸೇರದ ಒಂದು ಫೋನಿನಿಂದ, ಗೆಳತಿಯದೋ ಗ್ರಂಥಾಲಯದ್ದೋ, ತಿಳಿದವರೊಡನೆ ಮಾತಾಡಿ ಯೋಜನೆ ಮಾಡಿಕೊಳ್ಳಬೇಕು. ಆಸ್ಟಿನ್‌ನ ಆ ಸಹಾಯವಾಣಿಯ ಸಂಖ್ಯೆ 1-800-799-7233, ದಿನದ ಇಪ್ಪತ್ನಾಲ್ಕು ಗಂಟೆಯೂ ಎತ್ತುತ್ತಾರೆ. ಕರೆ ಮಾಡಿದ್ದು ಯಾರ ಬಿಲ್ಲಿನಲ್ಲಿ ಕಾಣುತ್ತದೆ ಎಂಬುದನ್ನೂ ಮೊದಲೇ ಯೋಚಿಸಿ.